ಮೂರನೆಯ ಒದೆ

ಡೇರಿಯ ಮುಂದೆ ಹಾಲಿನ ಕ್ಯಾನು ಇಳಿಸಿ ಸಾಲಿನಲ್ಲಿ ನಿಂತಾಗಲೂ ನರಸಮ್ಮನ ಬಲಗಾಲಿನ ಅಂಗಾಲು ಸುಡುತ್ತಲೇ ಇತ್ತು. ಚಪ್ಪಲಿ ಬಿಟ್ಟು ತಣ್ಣನೆಯ ಸಿಮೆಂಟಿನ ಮೇಲೆ ಒತ್ತಿ ಇಟ್ಟಳು. ಉರಿ ಹೋಗಲಿಲ್ಲ. ಹೀಗೆ ಹಿಂದೆ ಎಂದೂ ಆಗಿರಲಿಲ್ಲ. ಆ ಕಾಲು ಎಷ್ಟು ಬೆನ್ನು ಒದ್ದಿತ್ತೋ ಲೆಕ್ಕವಿಲ್ಲ. ಒದ್ದ ಮರುಗಳಿಗೆಯಲ್ಲಿ ಮರೆತುಬಿಡುತ್ತಿತ್ತು, ನೆನಪಿಟ್ಟುಕೊಳ್ಳುವ ಕೆಲಸ ಬೆನ್ನಿನವರದಾಗಿತ್ತು. ಇವತ್ತು ಮಾತ್ರ ಮಗನ ಬೆನ್ನುಮೂಳೆಯ ಗಂಟು ಅಂಗಾಲಿಗೆ ಕಚ್ಚಿಕೊಂಡು ಡೇರಿಯವರೆಗೂ ಬಂದಹಾಗಿತ್ತು.

"ಏನಮ್ಮೋ ನರಸಮ್ಮ, ಈವತ್ತು ಯಾರ ಸೊಂಟ ಮುರ್ದೆ?" ಎಂದ ಹಾಲು ಅಳೆಯುವ ಸೊಣ್ಣಪ್ಪ. "ನಿನ್ನ ಆಲಲ್ಲಿ ಜಿಡ್ಡೇ ಇಲ್ವಲ್ಲಮ್ಮ. ಅಸೂಗೂ ಒಂದು ಒದೆ ಕೊಡು, ಸರ್‍ಯೋಯ್ತದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ಅವಳೂ ತಿರುಗಿಸಿ ಕೊಡುತ್ತಿದ್ದಳು: "ನಿನ್ನ ಅಳ್ಯೋ ಮಿಸನ್ನಿಗೇ ಒಂದು ಕೊಡ್ತೀನಿ ಬಾರೋ ಮಾವ, ಜಿಡ್ಡು ತಾನಾಗೇ ಬತ್ತದೆ." ಇವತ್ತು ಖಾಲಿ ಕ್ಯಾನನ್ನು ಅವನ ಮುಖಕ್ಕೆ ಬೀಸಬೇಕೆನ್ನಿಸಿತು. ಮೂಗಿನ ಮೂಳೆ ಲಟಕ್ಕೆನ್ನುವುದು, ಹಾಲಿನ ಮೇಲೆ ರಕ್ತ ಬಿದ್ದು ಎಳೆ ಎಳೆಯಾಗಿ ಬಿಟ್ಟುಕೊಳ್ಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅವಳಿಗೇ ಹೆದರಿಕೆಯಾಗಿ ಕ್ಯಾನಿನ ಹಿಡಿ ಬಿಗಿಹಿಡಿದು ಮನೆಯ ಕಡೆ ನಡೆದಳು.

ನರಸಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅವಳ ಅಪ್ಪ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನಲ್ಲಿ, ಭೂಮಿಯೊಳಗೆ ಇಳಿಯುವ ಕೆಲಸದಲ್ಲಿದ್ದ. ಗಣಿಯ ಕೂಲಿಗಳ ಲೈನು ಮನೆಯಲ್ಲಿ ಹೆರಿಗೆ ಮಾಡಿಸಿದ ಮುದುಕಿ ಹೊರಗೆ ಬಂದು, ತಲೆ ಬರುವ ಜಾಗದಲ್ಲಿ ಬಲಗಾಲು ಬಂತೆಂದೂ ತಾಯಿ ಉಳಿಯುವುದು ಕಷ್ಟವೆಂದೂ ಒಂದೇ ಉಸಿರಿನಲ್ಲಿ ಹೇಳಿದ್ದಳಂತೆ. ತಾಯಿ ಮೂರು ದಿನ ಉಳಿದಳು. ಕಾಲು ಉಳಿಯಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಐದು ವರ್ಷದ ಹುಡುಗಿಯನ್ನು ಭಾನುವಾರ ಬೆಳಿಗ್ಗೆ ಎಬ್ಬಿಸಿ, ಕಾಲು ತೊಳೆದು ಕರೆತರುತ್ತಿದ್ದರು. ವಾರವೆಲ್ಲ ಕತ್ತಲಲ್ಲಿ ಬಗ್ಗಿ ಬಂಡೆ ಕೊರೆದ ಗಂಡಸರು ಲೈನಿನುದ್ದಕ್ಕೂ ಬೋರಲು ಬಿದ್ದಿರುತ್ತಿದ್ದರು. "ವಾಮ್ಮಾ, ವಾಮ್ಮಾ, ನಲ್ಲಾ ಒದೈಮ್ಮಾ" ಎಂದು ತಮಿಳಿನವರು, "ಗಟ್ಟಿಗಾ ತನ್ನು ತಲ್ಲಿ" ಎಂದು ತೆಲುಗಿನವರು. ಒಬ್ಬೊಬ್ಬರಿಗೆ ಮೂರು. ಸೂರ್ಯ ಹುಟ್ಟುವ ಮೊದಲು, ಹೊಸ್ತಿಲಿಗೆ ಅಡ್ಡಲಾಗಿ, ದುಡ್ಡು ಮುಟ್ಟದೆ. ಇನ್ನೊಂದು ಕಟ್ಟು ಎಲ್ಲಕ್ಕಿಂತ ದೊಡ್ಡದು: ನೋವು ಎಲ್ಲಿ ಎಂದು ಒದೆಯುವವಳು ಕೇಳಬಾರದು. ಕೇಳಿದರೆ ಗುಣ ಹೋಗುತ್ತದೆ. ಕಾಲಿಗೆ ಗೊತ್ತಿರುತ್ತದೆ.

ಮದುವೆಯಾಗಿ ಕಾಮಸಮುದ್ರದ ಕಡೆಯ ಈ ಹಳ್ಳಿಗೆ ಬಂದಮೇಲೂ ಕಾಲು ನಿಲ್ಲಲಿಲ್ಲ. ಬೇರೆ ಹೊತ್ತು ಅವಳನ್ನು ಜಗಲಿಗೆ ಹತ್ತಿಸದ ಮನೆಗಳ ಗಂಡಸರು ಬೆಳಗಿನ ಜಾವ ಟವಲು ಮುಚ್ಚಿಕೊಂಡು ಬಂದು ಅವಳ ಹೊಸ್ತಿಲಲ್ಲಿ ಮೂಗು ನೆಲಕ್ಕೆ ಹಚ್ಚಿ ಮಲಗುತ್ತಿದ್ದರು. ಬೆಂಗಳೂರಿನಲ್ಲಿ ಸಿಮೆಂಟು ಮೂಟೆ ಹೊರುವ ಗಂಡ ಸುಬ್ರಮಣಿಯೂ ಒಂದು ಸಲ ಮಲಗಬೇಕಾಯಿತು. ಹಿಂದಿನ ರಾತ್ರಿಯಷ್ಟೇ ಸಾರಿಗೆ ಉಪ್ಪಾಯಿತೆಂದು ಅವಳ ಜುಟ್ಟು ಹಿಡಿದು ಗೋಡೆಗೆ ಬಡಿದಿದ್ದವನು. ಅವನಿಗೆ ಮೂರು ಒದೆ ಕೊಟ್ಟಮೇಲೆ ನರಸಮ್ಮ ಕಾಲು ತೆಗೆಯಲಿಲ್ಲ. ಸುಮ್ಮನೆ ಇಟ್ಟುಕೊಂಡಳು. ಮೈಭಾರವನ್ನೆಲ್ಲ ಹಿಮ್ಮಡಿಗೆ ಇಳಿಸಿ ನಿಂತಳು. ಕೆಳಗಿನ ಪಕ್ಕೆಲುಬು ಉಸಿರಿಗೆ ಒದ್ದಾಡುವುದು ಅಂಗಾಲಿಗೆ ಸಿಗುತ್ತಿತ್ತು. ಎಂಥ ಸುಖ ಅದು! ಆ ಸುಖವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನಿಗೂ ತಿಳಿದಿರಬೇಕು. ಬೆನ್ನು ಬಿಟ್ಟ ದಿನವೇ ಸಂಜೆ ಕಾರಣವಿಲ್ಲದೆ ಹೊಡೆದ. ಆಮೇಲೆ ಎಷ್ಟು ನೋವಾದರೂ ಅವಳ ಮುಂದೆ ಮಲಗಲಿಲ್ಲ.

ಇವತ್ತು ಬೆಳಿಗ್ಗೆ ಅವನು ಬಂಗಾರಪೇಟೆಯ ರೈಲಿಗೆ ಹೊರಟುಹೋದ ಮೇಲೆ, ಅವಳು ಹಾಲು ಕರೆಯಲು ಚೊಂಬು ತೊಳೆಯುತ್ತಿದ್ದಾಗ ಮಗ ವೇಣು ಗೋಡೆ ಹಿಡಿದುಕೊಂಡು ಹೊರಗೆ ಬಂದ. ಹದಿನೆಂಟು ತುಂಬಿ ಡಿಗ್ರಿಗೆ ಸೇರಿದ್ದಾನೆ. ಮೀಸೆ ಕತ್ತರಿಸಲು ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಾನೆ. ಮುಖ ಸುಣ್ಣದ ಹಾಗಿತ್ತು.

"ಅಮ್ಮಾ, ಸೊಂಟ ಇಡ್ಕಂಡದೆ."

"ಯಾವಾಗಿಂದ್ಲಾ?"

"ಈಗ. ನಿದ್ದೇಲಿ."

ಹಿಂದಿನ ದಿನ ಸಂಜೆ ಅದೇ ಬಾಯಿ ಬೇರೆ ಮಾತಾಡಿತ್ತು. ಯಾರೋ ಅವಳು ಒದೆಯುವುದನ್ನು ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದ್ದರು. ರಸ್ತೆ ಕಂಟ್ರಾಕ್ಟರನೊಬ್ಬ ಎಮ್ಮೆಯ ಹಾಗೆ ಬಿದ್ದಿದ್ದಾನೆ, ಅವಳು ಸೀರೆ ಮೊಣಕಾಲಿಗೆತ್ತಿ ಒದೆಯುತ್ತಿದ್ದಾಳೆ, ಹಿಂದೆ ಯಾವುದೋ ಸಿನಿಮಾದ ಡೋಲು. "ಕಾಲೇಜಲ್ಲಿ ನನ್ನ ಒದೆಯಮ್ಮನ ಮಗ ಅಂತಾರೆ. ನಾಳೆಯಿಂದ ಯಾರ್‍ನೂ ಬಾಗ್ಲಲ್ಲಿ ಮಲಗಿಸ್ಬೇಡ. ನಿಂಗೆ ನಾಚ್ಕೆ ಆಗಲ್ವಾ, ಕಂಡೋರಿಗೆಲ್ಲ ಕಾಲೆತ್ತಕ್ಕೆ?" ಎಂದಿದ್ದ. ಆ ಕೊನೆಯ ಮಾತು ಕೇಳಿಸಿಕೊಂಡೇ ಅವಳು ಅವನಿಗೆ ಅನ್ನ ಬಡಿಸಿದ್ದಳು. ಈಗ ಅವನೇ ಹೊಸ್ತಿಲಿಗೆ ಅಡ್ಡಲಾಗಿ ಬೋರಲು ಬಿದ್ದ. ಬೀಳುವಾಗ ಮಂಡಿ ಮಡಚಿ ಕೈಯನ್ನು ಹೊಟ್ಟೆಯ ಕೆಳಕ್ಕೆ ಕೊಟ್ಟುಕೊಂಡ. ಅದನ್ನು ಅವಳು ನೋಡಿದಳು. ನೋಡಿದ್ದನ್ನು ಕೇಳಲಿಲ್ಲ. ಮೊದಲ ಒದೆ ಕಟ್ಟಿನ ಪ್ರಕಾರ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಕಾಲೆತ್ತಿದಾಗ ಹಿಂದಿನ ದಿನದ ಮಾತು ಕಾಲಿಗೆ ಇಳಿಯಿತು. ಕಂಡೋರಿಗೆಲ್ಲ ಕಾಲೆತ್ತಕ್ಕೆ. ಧಡ್ ಎಂದಿತು. ಹುಡುಗ ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿ ಹಸು ಹಗ್ಗ ಜಗ್ಗಿತು. "ಬಿಡ್ತು ಬಿಡ್ಲಾ, ಮಲಕ್ಕೋ ಓಗು," ಎಂದು ಅವಳು ಚೊಂಬು ಎತ್ತಿಕೊಂಡಳು.

ಡೇರಿಯಿಂದ ಬಂದು ನೋಡಿದರೆ ಚಾಪೆಯ ಪಕ್ಕ ವಾಂತಿ ಮಾಡಿಕೊಂಡಿದ್ದ. ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕುದಿಸಿ ಕೊಟ್ಟಳು. ರಾಗಿ ಹೊಟ್ಟು ಬಿಸಿ ಮಾಡಿ ಗಂಟು ಕಟ್ಟಿ ಸೊಂಟಕ್ಕೆ ಒತ್ತಿದಳು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಒತ್ತಿಸಿಕೊಂಡ. "ಬಿಡ್ತಾ?" ಎಂದಾಗ ತಲೆಯಾಡಿಸಿದ. ತೋಟದಲ್ಲಿ ಟೊಮೆಟೊ ಕೀಳುವ ಆಳುಗಳು ಬಂದಿದ್ದರು. ಬಾಕ್ಸು ಒಯ್ಯುವ ಗಾಡಿ ಬರುವುದಿತ್ತು. ಹೋದಳು. ಬಿಸಿಲು ಏರುತ್ತಿತ್ತು. ಸಾಲಿನ ಮಧ್ಯೆ ಕೊಳೆತು ಬಿದ್ದ ಹಣ್ಣುಗಳ ಮೇಲೆ ಅವಳ ಬಲಗಾಲು ಬೇಕೆಂದೇ ಬೀಳುತ್ತಿತ್ತು. ಪಚ್ ಎಂದು ಒಡೆದು, ಬೆರಳಸಂದಿಯಲ್ಲಿ ಕೆಂಪು ತಿಳಿ ಉಕ್ಕಿ, ಬೀಜ ಅಂಟಿಕೊಳ್ಳುತ್ತಿತ್ತು. ತಣ್ಣಗಾಗಲಿ ಎಂದು ತುಳಿದಳೋ, ಇನ್ನೇನನ್ನೋ ತುಳಿದಳೋ. ಅಂಗಾಲಿನ ಉರಿ ಆರಲಿಲ್ಲ. ಒದ್ದದ್ದು ಕಾಲಲ್ಲ, ನಾನು, ಅನ್ನಿಸಿತು. ಮೂರನೆಯದು ಔಷಧಿಯಲ್ಲ. ಮೂಳೆ ಮುರಿದಿರಬಹುದೇ? ಒಳಗೆ ಏನಾದರೂ ಒಡೆದಿರಬಹುದೇ?

"ಏ ನರಸಮ್ಮಕ್ಕಾ!" ಬದುವಿನ ಮೇಲೆ ಪಕ್ಕದ ಮನೆಯ ಮುನಿಶಾಮಮ್ಮ ನಿಂತು ಕೈ ಬೀಸುತ್ತಿದ್ದಳು. "ನಿನ್ ಮಗ ದನ ಅರ್ಚ್ದಂಗೆ ಅರಚ್ತವ್ನೆ! ಬಾಗ್ಲು ಆಕ್ಕಂಡವ್ನೆ!"

ಒಳಗಿನ ಚಿಲಕ ಹಳೆಯದು. ಅದೇ ಕಾಲಿನಿಂದ ಒಂದು ಒದೆಗೆ ಬಾಗಿಲು ತೆಗೆಯಿತು. ವೇಣು ಮೂಲೆಯಲ್ಲಿ ಮಂಡಿಯನ್ನು ಎದೆಗೆ ಸೇರಿಸಿ ಉಂಡೆಯಾಗಿದ್ದ. ಬೆವರಿನಿಂದ ಬನಿಯನ್ನು ಮೈಗೆ ಅಂಟಿತ್ತು. ಅವಳು ಅವನ ಭುಜ ಹಿಡಿದು ಅಲ್ಲಾಡಿಸಿದಳು.

"ಎಲ್ಲೋ? ಎಲ್ಲೋ ನೋವು?"

ಹುಟ್ಟಿದಾರಭ್ಯ ಯಾರನ್ನೂ ಕೇಳದಿದ್ದ ಮಾತು. ಬಾಯಿಂದ ಬಿದ್ದಮೇಲೆ ಅವಳಿಗೇ ಕೇಳಿಸಿತು. ಮುನಿಶಾಮಮ್ಮ ಬಾಗಿಲಲ್ಲೇ "ಅಯ್ಯೋ, ಕೇಳ್ಬುಟ್ಯಾ" ಎಂದು ಬಾಯಿಗೆ ಸೆರಗು ಹಿಡಿದಳು.

"ಸೊಂಟ."

"ಸುಳ್ಳು ಬೊಗಳ್ಬೇಡ!" ಕೆನ್ನೆಗೆ ಬಾರಿಸಿದಳು. "ಎಲ್ಲಿ ಅಂತ ಯೋಳ್ಲಾ!"

ಅವನು ಅತ್ತ. ಮೀಸೆ ಬಂದ ಮೇಲೆ ಅವಳ ಮುಂದೆ ಅತ್ತಿರಲಿಲ್ಲ. ಮುನಿಶಾಮಮ್ಮನನ್ನು ಹೊರಗೆ ಕಳಿಸೆಂದು ಕಣ್ಣಲ್ಲೇ ಹೇಳಿದ. ಅವಳು ಹೋದಮೇಲೂ ಬಾಯಿ ಬಿಡದೆ, ಲುಂಗಿಯ ಮೇಲೆ ಎಡ ತೊಡೆಯ ಸಂದಿಗೆ ಕೈ ತೋರಿಸಿದ. ಎಡಗಡೆಯ ಬೀಜ ಊದಿ ಮೇಲಕ್ಕೆ ಏರಿಬಿಟ್ಟಿದೆ, ಮುಟ್ಟಲಾಗುತ್ತಿಲ್ಲ, ಬೆಳಗಿನಿಂದಲೂ ಅಲ್ಲೇ, ಬೆನ್ನಿಗೆ ಏನೂ ಆಗೇ ಇಲ್ಲ. ಇಷ್ಟನ್ನು ಹೇಳಲು ಅವನಿಗೆ ಬಂಡೆ ಎತ್ತಿದಷ್ಟು ಹೊತ್ತು ಹಿಡಿಯಿತು.

"ಮತ್ತೆ ಯಾಕ್ಲಾ ಬಂದು ಮಲಗ್ದೆ ನನ್ನ ಕಾಲ್ ಕೆಳಕ್ಕೆ?"

"ಕೇಳದೆ ವಾಸಿ ಮಾಡ್ತದಲ್ಲ ನಿನ್ನ ಕಾಲು," ಎಂದ ಅವನು. "ಯೋಳಂಗಿಲ್ಲ ಅಂದ್ಕಂಡೆ."

ಆಂಡರ್ಸನ್‌ಪೇಟೆಯ ರಾಜ್‌ಕುಮಾರ್ ಟೊಮೆಟೊ ಬಾಕ್ಸಿಗೆಂದು ತಂದಿದ್ದ ಗೂಡ್ಸ್ ಆಟೋದಲ್ಲೇ ಹುಡುಗನನ್ನು ಹಾಕಿಕೊಂಡರು. ಪ್ರತಿ ಹಳ್ಳಕ್ಕೂ ವೇಣು ಹಲ್ಲು ಕಚ್ಚಿ ಅವಳ ತೋಳಿಗೆ ಉಗುರು ಇಳಿಸುತ್ತಿದ್ದ. ಆ ನೋವು ಅವಳಿಗೆ ಬೇಕಾಗಿತ್ತು. ಇನ್ನೂ ಇಳಿಸಲಿ, ರಕ್ತ ಬರಲಿ. ರಸ್ತೆಯ ಎರಡೂ ಕಡೆ ಗಣಿಯ ಬಿಳಿ ಮಣ್ಣಿನ ಗುಡ್ಡಗಳು ಕಣ್ಣಿಗೆ ಚುಚ್ಚುತ್ತಿದ್ದವು. ಒಂದು ದಿನ ಅಪ್ಪ ಆ ಗಣಿಯ ಅಡಿಯಿಂದ ಮೇಲೆ ಬರಲಿಲ್ಲ. ಬಂಡೆ ಸಿಡಿಯಿತು ಎಂದರು. ಮೇಲಿನ ಭಾರಕ್ಕೆ ಒಳಗೇ ತಿರುಚಿಕೊಂಡಿದ್ದ ಕಲ್ಲು ಯಾರೂ ಮುಟ್ಟದೆ, ತಾನಾಗಿಯೇ ಒಡೆಯುತ್ತದಂತೆ. ಅವತ್ತು ಬೆಳಿಗ್ಗೆ ಅಪ್ಪ ಸೊಂಟ ಹಿಡಿದುಕೊಂಡು ಬಂದು ಅವಳ ಮುಂದೆ ಮಲಗಿದ್ದ. ಅವಳು ನಿದ್ದೆಗಣ್ಣಿನಲ್ಲಿ ಎರಡೇ ಒದ್ದು ಓಡಿಹೋಗಿದ್ದಳು. ಮೂರನೆಯದು ಬಾಕಿ ಉಳಿದಿತ್ತು. ಅದನ್ನು ಈಗ ತಂದು ಮಗನಿಗೆ ಕೊಟ್ಟೆನೇ? ಛೆ, ಎಂಥ ಯೋಚನೆ.

ಪೇಟೆಗೆ ಬಂದಾಗ ರಾಜ್‌ಕುಮಾರ್ ಒಂದು ಮೆಡಿಕಲ್ ಶಾಪಿನ ಮುಂದೆ ನಿಲ್ಲಿಸಿದ. "ಅಕ್ಕಾ, ಇವ್ರು ಡಾಕ್ಟ್ರಿಗಿಂತ ಜಾಸ್ತಿ. ಒಂದು ಮಾತು ಕೇಳಿ ನೋಡಾಣ." ಅಂಗಡಿಯವನು ಕೌಂಟರಿನಿಂದ ಕತ್ತು ಉದ್ದ ಮಾಡಿ ನೋಡಿದ. ನರಸಮ್ಮ ಹೇಗೋ ತಡವರಿಸಿ ಹೇಳಿದ್ದಕ್ಕೆ ನಕ್ಕು, "ಇನ್‌ಫೆಕ್ಷನ್ ಅಮ್ಮ. ಈ ವಯಸ್ಸಲ್ಲಿ ಆಗತ್ತೆ. ಏನಪ್ಪಾ ಹೀರೋ, ಎಲ್ಲಿಗೆ ಹೋಗಿದ್ದೆ? ನಿಜ ಹೇಳು," ಎಂದ. ಅಂಗಡಿಯ ಮುಂದಿದ್ದ ಇಬ್ಬರು ಹೆಂಗಸರು ಮುಖ ತಿರುಗಿಸಿಕೊಂಡರು. ವೇಣು ಕಣ್ಣು ಮುಚ್ಚಿದ. ಐದು ದಿನದ ಮಾತ್ರೆಯ ಪೊಟ್ಟಣ ಕೌಂಟರಿನ ಮೇಲೆ ಬಂತು. ಐದು ದಿನ! ಒಂದು ಕ್ಷಣ ನರಸಮ್ಮನಿಗೆ ಅದನ್ನು ತೆಗೆದುಕೊಂಡು ಮನೆಗೆ ಹೋಗಿಬಿಡುವ ಆಸೆಯಾಯಿತು. ಯಾರೂ ಏನೂ ಕೇಳುವುದಿಲ್ಲ, ಮೂರನೆಯ ಒದೆ ಹೊಸ್ತಿಲಿನಲ್ಲೇ ಹೂತುಹೋಗುತ್ತದೆ. ಆಗಲೇ ಹುಡುಗ ಆಟೋದಿಂದ ತಲೆ ಹೊರಗೆ ಚಾಚಿ ಬರೀ ಹಳದಿ ನೀರು ಕಕ್ಕಿದ. ಆಸೆಪಟ್ಟ ತನ್ನ ಮೇಲೆ ಬಂದ ಸಿಟ್ಟು ಅಂಗಡಿಯವನ ಮೇಲೆ ತಿರುಗಿತು. ಪೊಟ್ಟಣ ತೆಗೆದು ಅವನ ಎದೆಗೆ ಎಸೆದಳು. "ನಿನ್ನ ಮಗನ್ಗೆ ತಿನ್ಸೋ ನಾಯಿ! ಅವನೆಲ್ಲಿಗೋದ ಅಂತ ಕೇಳ್ತಿಯಾ? ಅವ್ನು ನಿದ್ದೇಲಿದ್ದ!" ಕೈ ಬಡಿದು ಕೌಂಟರಿನ ಗಾಜು ಬಿರುಕು ಬಿಟ್ಟಿತು. ರಾಜ್‌ಕುಮಾರ್ "ಅಯ್ಯಯ್ಯೋ, ವಾಂಗಕ್ಕಾ, ವಾಂಗ," ಎಂದು ಅವಳನ್ನು ಎಳೆದು ಕೂರಿಸಿ ಗಾಡಿ ಬಿಟ್ಟ.

ಆಸ್ಪತ್ರೆ ಚಿಕ್ಕದು. ಆದರೆ ಆಪರೇಷನ್ ಮಾಡುವ ಡಾಕ್ಟರಮ್ಮ ಇದ್ದರು. ಹೆಸರು ಶ್ಯಾಮಲಾ. ಊಟದ ಡಬ್ಬಿ ಅರ್ಧಕ್ಕೆ ಬಿಟ್ಟು ಬಂದ ಅವರ ಬೆರಳಲ್ಲಿ ಇನ್ನೂ ಸಾರಿನ ವಾಸನೆಯಿತ್ತು. ಹೆಂಗಸು ಎಂದು ಕಂಡಕೂಡಲೆ ವೇಣು ಹೊದಿಕೆಯನ್ನು ಎರಡು ಕೈಯಲ್ಲೂ ಬಿಗಿಹಿಡಿದ.

"ಬಿಡಪ್ಪ, ನಾನು ನೋಡದೇ ಇರೋದು ಏನೂ ಇಲ್ಲ."

"ಬೇಡ. ಗಂಡಸ್ರು ಡಾಕ್ಟ್ರು ಇಲ್ವಾ?"

"ಗಂಡಸ್ರು ಬರೋ ಹೊತ್ತಿಗೆ ನೋಡೋಕೆ ಏನೂ ಉಳಿದಿರಲ್ಲ," ಎಂದರು ಡಾಕ್ಟರಮ್ಮ. ಹೊದಿಕೆಗೆ ಕೈ ಹಾಕಿದರು. ಹುಡುಗ ಒದ್ದ. ಕಾಲು ಡಾಕ್ಟರಮ್ಮನ ಪಕ್ಕೆಗೆ ತಾಗಿ ಅವರು ಗೋಡೆಗೆ ಬಿದ್ದರು. ಟ್ರೇ ಉರುಳಿ ಕತ್ತರಿಗಳು ನೆಲದ ಮೇಲೆ ಚೆಲ್ಲಾಡಿದವು. ನರಸಮ್ಮ ನೋಡಿದಳು: ಅದು ತನ್ನದೇ ಕಾಲು. ಅದೇ ಮಡಿಕೆ, ಅದೇ ಹಿಮ್ಮಡಿ.

"ಹಿಡ್ಕೊಳಮ್ಮ ಅವನನ್ನ," ಎಂದರು ಡಾಕ್ಟರಮ್ಮ, ಪಕ್ಕೆ ಉಜ್ಜಿಕೊಂಡು, ಸಿಟ್ಟಿಲ್ಲದೆ.

ಅವಳು ಹಾಸಿಗೆಯ ಮೇಲೆ ಹತ್ತಿ ಮಗನ ಎದೆಯ ಮೇಲೆ ತನ್ನ ಎದೆಯಿಟ್ಟು ಒತ್ತಿ ಹಿಡಿದಳು. ಅವನ ಮುಖ ಅವಳ ಕುತ್ತಿಗೆಯ ಸಂದಿಯಲ್ಲಿ ಬಿಸಿಯಾಗಿ ಉಸಿರಾಡುತ್ತಿತ್ತು. ಹಿಂದೆ ಏನು ನಡೆಯುತ್ತಿದೆಯೆಂದು ಅವಳು ತಿರುಗಿ ನೋಡಲಿಲ್ಲ. ಡಾಕ್ಟರಮ್ಮ ಪೆನ್ನಿನ ತುದಿಯಿಂದ ಎರಡು ತೊಡೆಯ ಒಳಗೂ ಗೀರಿ ನೋಡಿದರಂತೆ. ಬಲಗಡೆಯ ಬೀಜ ಮೇಲಕ್ಕೆ ಎಳೆದುಕೊಂಡಿತಂತೆ, ಎಡಗಡೆಯದು ಅಲುಗಲಿಲ್ಲವಂತೆ. ಅವರು ಕೊರಳಿನ ಸ್ಟೆತಸ್ಕೋಪು ತೆಗೆದು ಅದರ ನಳಿಕೆಯನ್ನು ಅವಳ ಕಣ್ಣ ಮುಂದೆ ತಿರುಚಿ ಹಿಡಿದರು.

"ಇನ್‌ಫೆಕ್ಷನ್ ಅಲ್ಲ ಇದು. ಬೀಜಕ್ಕೆ ರಕ್ತ ತರೋ ಹುರಿ ಹೀಗೆ ತಿರುಚಿಕೊಂಡಿದೆ. ರಕ್ತ ಹೋಗ್ತಿಲ್ಲ. ಬಿಚ್ಚದಿದ್ರೆ ಸಾಯತ್ತೆ. ಆರು ಗಂಟೆ ಒಳಗೆ ಬಿಚ್ಚಿದ್ರೆ ಹೆಚ್ಚಿನದು ಉಳಿಯತ್ತೆ. ಆಮೇಲಾಮೇಲೆ ಕಷ್ಟ. ಯಾವಾಗ ಶುರುವಾಯ್ತು?"

ನರಸಮ್ಮನಿಗೆ ಕರು ನೆನಪಾಯಿತು. ಇಕ್ಕಳ ತಂದವನು ಹೋರಿಗರುವಿನ ಹುರಿಯನ್ನು ಅದುಮಿ ಹಿಡಿದ ದಿನ ಅದರ ತಲೆಯನ್ನು ಹಿಡಿದುಕೊಂಡಿದ್ದವಳು ಅವಳೇ. ರಕ್ತ ಬರಲಿಲ್ಲ. ಗಾಯವಿಲ್ಲ. ಹುರಿ ನಜ್ಜಾಗಿ, ಒಳಗೇ ಒಣಗಿ, ತಿಂಗಳೊಪ್ಪತ್ತಿನಲ್ಲಿ ಹೋರಿ ಎತ್ತಾಯಿತು. ಎಷ್ಟು ಸದ್ದಿಲ್ಲದ ಕೊಲೆ! ಅವಳಿಗೆ ಇನ್ನು ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಒಂದು ಗಂಟೆ ಆಯ್ತು ಮೇಡಂ," ಎಂದ ವೇಣು, ಅವಳ ಕುತ್ತಿಗೆಯ ಕೆಳಗಿನಿಂದ. "ಈಗ್ಲೇ, ಒಂದು ಗಂಟೆ."

ಡಾಕ್ಟರಮ್ಮ ಫೋನು ಕಿವಿಗಿಟ್ಟುಕೊಂಡಿದ್ದರು. ಮೈ ಮರಗಟ್ಟಿಸುವ ಡಾಕ್ಟರು ಬಂಗಾರಪೇಟೆಯಲ್ಲಿದ್ದರು, ಇನ್ನೂ ಶುರುವಾಗದ ಒಂದು ಹೆರಿಗೆಯ ಕೇಸಿಗೆ ಕಾಯುತ್ತ. "ಒಂದು ಗಂಟೆ ಅಂತಾನೆ ಡಾಕ್ಟ್ರೇ... ಹೌದು... ಅದು ಮುಗಿಸ್ಕೊಂಡೇ ಬರ್ತೀರಾ? ಅಷ್ಟೊತ್ತಿಗೆ ಸ್ಕ್ಯಾನ್ ಮಾಡಿಸಿರ್ತೀನಿ..."

ಮಗ ತನಗಾಗಿ ಸುಳ್ಳು ಹೇಳುತ್ತಿದ್ದಾನೆ. ಬೆಳಗಿನಿಂದ ಅಂದರೆ, ಬೆಳಿಗ್ಗೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ಅವಳಿಗದು ಗೊತ್ತಾಯಿತು. ಅವನ ತೋಳು ಅವಳ ಬೆನ್ನನ್ನು ಸುಮ್ಮನಿರು ಎಂಬಂತೆ ಒತ್ತುತ್ತಿತ್ತು. ಸುಮ್ಮನಿದ್ದರೆ ಆಯಿತು. ಒದೆಯಮ್ಮನ ಹೆಸರು ಹಾಗೇ ಉಳಿಯುತ್ತದೆ, ನಾಳೆ ಬೆಳಿಗ್ಗೆ ಹೊಸ್ತಿಲಿನಲ್ಲಿ ಮತ್ತೊಂದು ಬೆನ್ನು. ಬಾಗಿಲಲ್ಲಿ ನೆಲ ಒರೆಸುವ ಆಯಾ, ನರ್ಸು, ರಾಜ್‌ಕುಮಾರ್, ಎಲ್ಲರೂ ನಿಂತಿದ್ದರು.

"ಸುಳ್ಳು!" ಎಂದು ಕೂಗಿದಳು. ಅವಳ ಕೆಳಗೆ ಹುಡುಗನ ಮೈ ಬಿಗಿಯಿತು. "ಸುಳ್ಳು ಡಾಕ್ಟ್ರಮ್ಮ. ಬೆಳಕರಿಯಕ್ಕೆ ಮುಂಚೆ ಶುರುವಾಗಿದ್ದು. ಸೊಂಟ ಅಂದ. ನಾನು ಒದ್ದೆ. ಮೂರು ಸಲ ಒದ್ದೆ. ಎರಡು ಔಸ್ದಿಗೆ, ಒಂದು ಸಿಟ್ಟಿಗೆ. ಒದ್ದು ಟೊಮೆಟೊ ಕೀಳಕ್ಕೋದೆ."

ನರ್ಸಿಗೆ ನಗು ಬಂದು, ನಗು ಅರ್ಧದಲ್ಲಿ ಸತ್ತಿತು. ಡಾಕ್ಟರಮ್ಮ ನರಸಮ್ಮನನ್ನು ದಿಟ್ಟಿಸಿ, ಫೋನಿಗೆ, "ಬೆಳಗಿನ ಜಾವದಿಂದ ಅಂತೆ. ಬಿಟ್ಟು ಬನ್ನಿ. ಈಗಲೇ," ಎಂದರು. ಫೋನು ಮೇಜಿನ ಮೇಲೆ ಬಿತ್ತು. "ಅವರು ಬರೋವರೆಗೆ ನಾನು ಕೈಯಲ್ಲಿ ಬಿಚ್ಚೋಕೆ ನೋಡ್ತೀನಿ. ಪುಸ್ತಕದ ಹಾಳೆ ತೆಗೆದ ಹಾಗೆ ಹೊರಕ್ಕೆ ತಿರುಗಿಸೋದು. ತುಂಬಾ ನೋಯತ್ತೆ. ಬಿಡಬೇಡ ಅವನನ್ನ."

ಬಿಡಲಿಲ್ಲ. ಹುಡುಗನ ಕೂಗು ಬಾಯಿಂದ ಬರಲಿಲ್ಲ, ಅವನ ಎದೆಯಿಂದ ನೇರವಾಗಿ ಅವಳ ಎದೆಗೆ ಬಂತು. ಅವನು ಅವಳ ಭುಜವನ್ನು ಕಚ್ಚಿದ. ರವಿಕೆ ಹರಿದು ಹಲ್ಲು ಮಾಂಸಕ್ಕೆ ಇಳಿಯಿತು. ಅವಳು ಭುಜ ಕೊಟ್ಟುಕೊಂಡೇ ಇದ್ದಳು. ಕಚ್ಚು, ಕಚ್ಚು ನನ್ನಪ್ಪ. ಒಂದು ಗಳಿಗೆಯಲ್ಲಿ ಮೈ ಸಡಿಲವಾಯಿತು. ಸತ್ತೇ ಹೋದನೆಂದು ಅವಳು ಬೆಚ್ಚಿ ತಲೆಯೆತ್ತಿದಳು. ಅವನು ಕಣ್ಣು ಬಿಟ್ಟು ಚಾವಣಿ ನೋಡುತ್ತ, "ಕಮ್ಮಿಯಾಯ್ತು," ಎಂದ, ಆಶ್ಚರ್ಯದಿಂದ. ಡಾಕ್ಟರಮ್ಮನ ಹಣೆಯಲ್ಲಿ ಬೆವರಿತ್ತು. "ಒಂದು ಸುತ್ತು ಬಿಚ್ಚಿತು. ಇನ್ನೂ ಇದೆ. ಕೊಯ್ದೇ ನೋಡಬೇಕು. ಹದಿನೆಂಟು ಆಗಿದೆಯಲ್ವಾ? ನೀನೇ ಸಹಿ ಹಾಕಪ್ಪ. ಒಳಗೆ ಸತ್ತಿದ್ರೆ ತೆಗೀಬೇಕಾಗತ್ತೆ. ಆದ್ರೂ ಇನ್ನೊಂದು ಇರತ್ತೆ, ಮದುವೆ ಮಕ್ಕಳು ಎಲ್ಲ ಆಗತ್ತೆ." ಅವನು ಸಹಿ ಹಾಕುವಾಗ ಅವಳ ಕಡೆ ನೋಡಲಿಲ್ಲ.

ಕಾಯುವಾಗ ಬೆಂಚಿನ ಮೇಲೆ ಕೂರಲಾಗಲಿಲ್ಲ. ನೆಲಕ್ಕೆ ಕೂತಳು. ಬಲಗಾಲು ಮುಂದಕ್ಕೆ ಚಾಚಿತ್ತು. ಟೊಮೆಟೊ ರಸ ಒಣಗಿ ಕರಿಯಾಗಿತ್ತು. ಅದನ್ನು ಕಡಿದು ಹಾಕುವ ಯೋಚನೆ ಬಂತು. ಗಣಿಯ ಆಸ್ಪತ್ರೆಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದಳು, ಮಂಡಿಯ ಕೆಳಗೆ ಏನೂ ಇಲ್ಲದೆ ಬೀಡಿ ಸೇದುತ್ತ ಕೂತವರನ್ನು. ಅವರೂ ಬದುಕಿದರು. ಹುಟ್ಟುವಾಗ ಅಮ್ಮನನ್ನು ಒದ್ದು ಕೊಂದ ಕಾಲು ಇದು. ಅದಕ್ಕೆ ಎಲ್ಲರೂ ವರ ಎಂದರು. ಒಬ್ಬರಾದರೂ ಕೊಲೆ ಎನ್ನಲಿಲ್ಲ. ಅಂದಿದ್ದರೆ ಇವತ್ತು ಒಂದು ಮಾತು ಕೇಳುತ್ತಿದ್ದೆನೋ ಏನೋ. ಎಲ್ಲೋ ನೋವು ಎಂದು.

ಡಾಕ್ಟರಮ್ಮ ಹೊರಗೆ ಬಂದು ಮುಖದ ಬಟ್ಟೆ ಇಳಿಸಿದರು. ಅವರ ಮುಖ ನೋಡಿದ ಕೂಡಲೆ ಗೊತ್ತಾಯಿತು.

"ಎರಡು ಸುತ್ತು ತಿರುಗಿತ್ತಮ್ಮ. ಪೂರ್ತಿ ಬಿಚ್ಚಿ, ಬಿಸಿ ನೀರಿನ ಬಟ್ಟೆ ಸುತ್ತಿ ಕಾದೆವು. ಬಣ್ಣ ಬರಲಿಲ್ಲ. ತೆಗೆದೆ. ಇನ್ನೊಂದು ಅದೇ ಥರ ತಿರುಗಬಾರದು ಅಂತ ಹೊಲಿದು ನಿಲ್ಲಿಸಿದ್ದೀನಿ. ಅದು ಚೆನ್ನಾಗಿದೆ."

"ನನ್ನ ಒದೆಯಿಂದ್ಲಾ?"

"ಅಲ್ಲ. ಅವನು ಹುಟ್ಟಿದ್ದೇ ಹಾಗೆ. ಗಂಟೆಯೊಳಗಿನ ನಾಲಿಗೆ ಥರ ಸಡಿಲವಾಗಿ ತೂಗ್ತಿತ್ತು, ನಿದ್ದೇಲಿ ತಿರುಗಿಕೊಳ್ತು. ನೀನು ಒದೆಯದೇ ಇದ್ದಿದ್ರೂ ತಿರುಗೋದು." ಸಮಾಧಾನದ ಮಾತು ಅಲ್ಲಿಗೇ ನಿಲ್ಲಿಸಬಹುದಿತ್ತು, ಅವರು ನಿಲ್ಲಿಸಲಿಲ್ಲ. "ಹೋಗಿದ್ದು ತಡ ಆಗಿದ್ದಕ್ಕೆ."

ಅಂದರೆ ಒದೆಯಿಂದ ಆಗಲಿಲ್ಲ, ಒದೆಯಿಂದಲೇ ಆಯಿತು. ಅವಳು ತಲೆಯಾಡಿಸಿದಳು. ನಿಜ ಹೇಳಿದ್ದಕ್ಕೆ ಡಾಕ್ಟರಮ್ಮನ ಮೇಲೆ ಒಂದು ಥರದ ಪ್ರೀತಿ ಬಂತು.

ಬಿಸಿಲು ಇಳಿಯುವ ಹೊತ್ತಿಗೆ ಸುಬ್ರಮಣಿ ಬಂದ. ರಾಜ್‌ಕುಮಾರನ ಫೋನು ಮುಟ್ಟಿ, ಮೂಟೆ ಬಿಟ್ಟು ರೈಲು ಹತ್ತಿದ್ದ. ವಾರ್ಡಿನಲ್ಲಿ ಆರು ಮಂಚ. ಮಗ ಕಣ್ಣುಮುಚ್ಚಿ ಮಲಗಿದ್ದ. ಸಿಮೆಂಟು ಮೆತ್ತಿದ ಬೂಟಿನ ಸದ್ದು ಬಾಗಿಲಿನಿಂದ ಮಂಚದವರೆಗೆ ಬಂದು ನಿಂತಿತು. ರಾಜ್‌ಕುಮಾರ್ ಫೋನಿನಲ್ಲೇ ಅವನಿಗೆ ಎಲ್ಲ ಹೇಳಿದ್ದ.

"ಯಾವ ಕಾಲು?" ಎಂದ.

ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಏಳಲಿಲ್ಲ. ಸೀರೆಯ ಅಂಚು ಸ್ವಲ್ಪ ಎತ್ತಿ ಬಲಗಾಲನ್ನು ಮುಂದಿಟ್ಟಳು. ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ಬೂಟಿನ ಹಿಮ್ಮಡಿಯನ್ನು ಆ ಕಾಲಿನ ಬೆರಳುಗಳ ಮೇಲಿಟ್ಟ. ಮೈಭಾರ ನಿಧಾನವಾಗಿ ಇಳಿಯಿತು. ಅವಳು ಅವತ್ತು ಇಳಿಸಿದ ಹಾಗೆಯೇ, ಅವನು ಮರೆತಿರಲಿಲ್ಲ. ಒಳಗೆ ಏನೋ ಲಟಕ್ಕೆಂದಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಆ ಸುಖ ಬರುತ್ತಿದೆಯೋ ಎಂದು ಹುಡುಕುತ್ತಿದ್ದಳು. ಬಂತು. ಬಂದು, ಅವನ ಗಲ್ಲ ನಡುಗಿತು.

"ಅಪ್ಪಾ, ತೆಗಿ ಕಾಲ."

ವೇಣು ಕಣ್ಣು ಬಿಟ್ಟಿದ್ದ. ದನಿ ಒಣಗಿ ಸೀಳಿಹೋಗಿತ್ತು, ಆದರೂ ವಾರ್ಡಿಗೆಲ್ಲ ಕೇಳಿಸುವಷ್ಟಿತ್ತು. "ನಂಗೆ ಸೊಂಟ ನೋವಿರಲಿಲ್ಲ. ಬೀಜ ನೋಯ್ತಾ ಇತ್ತು. ಯೋಳಕ್ಕೆ ನಾಚ್ಕೆ ಆಯ್ತು, ಸೊಂಟ ಅಂದೆ. ಈಗ ಒಂದು ತೆಗ್ದವ್ರೆ. ನಾಚ್ಕೆನೂ ಓಯ್ತು." ಉಸಿರು ತೆಗೆದುಕೊಂಡ. "ತೆಗಿ ಕಾಲ ಅಂದೆ."

ಆರು ಮಂಚಗಳಲ್ಲಿ ಯಾರೂ ನಗಲಿಲ್ಲ. ಸುಬ್ರಮಣಿ ಬೂಟು ತೆಗೆದ. ಮಗನ ಕಾಲ ಬಳಿ ಮಂಚದ ಕಂಬಿ ಹಿಡಿದುಕೊಂಡು, ಅಲ್ಲೇ ನೆಲಕ್ಕೆ ಕುಸಿದು ಕೂತ. ವೇಣು ಈಗ ತಾಯಿಯ ಕಡೆ ತಿರುಗಿದ. ಅವಳನ್ನು ನೋಡಿದ, ಕ್ಷಮಿಸಿದವನ ಹಾಗಲ್ಲ, ದೂರಿದವನ ಹಾಗೂ ಅಲ್ಲ, ಒಂದು ಊರನ್ನು ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ನೋಡುತ್ತ ನೋಡುತ್ತ ನಿದ್ದೆ ಹೋದ.

ಆಯಾ ರಾಧಾಮಣಿ ಬಕೆಟ್ಟು ತಳ್ಳಿಕೊಂಡು ಬಂದಳು. ನೆಲದ ಮೇಲೆ ಸಿಮೆಂಟಿನ ಪುಡಿ, ಬೂಟಿನ ಅಚ್ಚು. "ಎಲ್ಲಿಂದ ಬರ್ತೀರಪ್ಪಾ ಮಣ್ಣು ಹೊತ್ಕೊಂಡು," ಎಂದು ಗೊಣಗುತ್ತ ಸ್ಟೂಲಿನ ಹತ್ತಿರ ಬಂದು ನಿಂತಳು.

"ಕಾಲೆತ್ತಮ್ಮ, ಒರೆಸ್ಬೇಕು."

ನರಸಮ್ಮ ಬಲಗಾಲು ಎತ್ತಿದಳು. ಬೆರಳು ಊದಿಕೊಂಡು ನೀಲಿಯಾಗುತ್ತಿತ್ತು. ಕೆಳಗೆ ಒದ್ದೆ ಬಟ್ಟೆ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಹೋಯಿತು. ಎತ್ತಿದ ಕಾಲಿನ ಕೆಳಗೆ ಇವತ್ತು ಯಾರೂ ಬಿದ್ದಿರಲಿಲ್ಲ, ನೆಲ ಮಾತ್ರ ಹೊಳೆಯುತ್ತಿತ್ತು.

"ಆಯ್ತಮ್ಮ, ಇಳಿಸು," ಎಂದಳು ಆಯಾ. ಮುಂದಿನ ಮಂಚದವರೆಗೆ ಹೋಗಿ ತಿರುಗಿ ನೋಡಿ ಮತ್ತೆ ಅಂದಳು, "ಆಯ್ತು ಅಂದ್ನಲ್ಲ, ಇಳಿಸಮ್ಮ."

ಎಲ್ಲಿಗೆ ಇಳಿಸಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.